ಒಳಗೆ ಬ್ಯಾಟರಿ ಇಲ್ಲ

ಈ ಕಥೆಯನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದೇ ಒಂದು ಜಗಳ. ನನ್ನ ಕಿವಿಗೆ ಕನ್ನಡ ಬೀಳಕೂಡದು ಎಂದು ನಾನು ಮೂರು ವರ್ಷದವಳಿದ್ದಾಗಲೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ಮಾತು ಕಲಿಸುವ ಒಬ್ಬ ಟೀಚರ್. ಒಪ್ಪಿಕೊಂಡವರು ನನ್ನ ಪಪ್ಪ ಮತ್ತು ಮಮ್ಮಿ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಆಗ ನನಗೆ ಕೇಳಿಸುತ್ತಿರಲಿಲ್ಲ, ಅದು ಬೇರೆ ಮಾತು.

ನಾನು ಹುಟ್ಟು ಕಿವುಡಿ, ಹೆಸರು ಮೋನಿಷಾ. ದಿಲ್ಲಿಯ ಆಸ್ಪತ್ರೆಯೊಂದರಲ್ಲಿ ನನ್ನ ಬಲಗಿವಿಯ ಹಿಂದೆ, ಚರ್ಮದ ಕೆಳಗೆ, ಒಂದು ಯಂತ್ರ ಕೂರಿಸಿದರು. ಅದರ ಎಳೆ ಕಿವಿಯೊಳಗಿನ ನರದವರೆಗೆ ಹೋಗಿದೆ. ಹೊರಗೆ ಕಿವಿಯ ಮೇಲೆ ಇನ್ನೊಂದು ಯಂತ್ರ, ಅದಕ್ಕೆ ತಂತಿಯಲ್ಲಿ ಸೇರಿಕೊಂಡ ಒಂದು ದುಂಡನೆಯ ಬಿಲ್ಲೆ. ಬಿಲ್ಲೆಯೊಳಗೆ ತಾಮ್ರದ ಸುರುಳಿ ಮತ್ತು ಒಂದು ಅಯಸ್ಕಾಂತ. ಚರ್ಮದ ಕೆಳಗೂ ಅಂಥದ್ದೇ ಸುರುಳಿ, ಅಂಥದ್ದೇ ಅಯಸ್ಕಾಂತ. ಎರಡೂ ಎದುರುಬದುರಾಗಿ ಕೂತರೆ ಹೊರಗಿನ ಕರೆಂಟು, ಹೊರಗಿನ ಸದ್ದು ಎರಡೂ ಚರ್ಮ ದಾಟಿ ಒಳಗೆ ಹೋಗುತ್ತವೆ. ತೂತು ಬೇಡ, ತಂತಿ ಬೇಡ. ಆದರೆ ಬಿಲ್ಲೆ ತೆಗೆದ ಕ್ಷಣ ಒಳಗಿನದು ಸತ್ತಂತೆ, ಏಕೆಂದರೆ ಒಳಗೆ ಬ್ಯಾಟರಿ ಇಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮ ಮನೆಯವರು ಇಟ್ಟುಕೊಳ್ಳಲಿಲ್ಲ.

ಯಂತ್ರ ಚಾಲೂ ಆಗುವ ಮೊದಲೇ ಟೀಚರ್ ಹೇಳಿದರಂತೆ, ಈ ಮಗುವಿಗೆ ಒಂದೇ ಭಾಷೆ ಕೇಳಿಸಬೇಕು, ಎರಡು ಕೇಳಿಸಿದರೆ ಎರಡೂ ಬರುವುದಿಲ್ಲ, ಊರು ದಿಲ್ಲಿ, ಆದ್ದರಿಂದ ಹಿಂದಿ. ಪಪ್ಪ ಜಯಾನಂದ ಕುಂದಾಪುರದವರು, ದಿಲ್ಲಿಯ ಮುನಿರ್ಕಾದಲ್ಲಿ ಇಡ್ಲಿ ದೋಸೆಯ ಹೋಟೆಲು ಇಟ್ಟವರು. ಮಮ್ಮಿ ಲೋಲಾಕ್ಷಿ ಉಡುಪಿಯ ಕಡೆಯವಳು, ಆ ಹೋಟೆಲಿನ ಚಟ್ನಿ ಸಾಂಬಾರಿನ ಯಜಮಾನಿ. ಅಂದಿನಿಂದ ಇಬ್ಬರೂ ನನ್ನೆದುರು ಹಿಂದಿ ಶುರು ಮಾಡಿದರು. ಹಿಂದಿಯೆಂದರೆ ಎಂಥ ಹಿಂದಿ! ಆ ಭಾಷೆಯಲ್ಲಿ ಹುಡುಗ ಹೋಗುವುದೇ ಒಂದು ಥರ, ಹುಡುಗಿ ಹೋಗುವುದೇ ಇನ್ನೊಂದು ಥರ. ಮಮ್ಮಿಗೆ ಎಲ್ಲರೂ ಒಂದೇ. ‘ಮೈಂ ಜಾತಾ ಹೂಂ’ ಎಂದು ಗಂಡಸಿನ ಹಾಗೆ ಹೇಳಿಯೇ ಅವಳು ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ನಾನೂ ಹಾಗೇ ಕಲಿತೆ. ಶಾಲೆಯ ಮೊದಲ ದಿನ ಎದ್ದು ನಿಂತು, ನಾನು ಬಂದಿದ್ದೇನೆ ಎಂದು ಗಂಡುಮಗನ ಹಾಗೆ ಸಾರಿದೆ. ತರಗತಿಯೆಲ್ಲ ನಕ್ಕಿತು. ಕಿವಿಯಲ್ಲಿದ್ದ ಯಂತ್ರಕ್ಕೆ ನಕ್ಕರೆಂದು ಮಮ್ಮಿ ತಿಳಿದಳು. ಅಲ್ಲ, ಅವಳ ಹಿಂದಿಗೆ ನಕ್ಕಿದ್ದರು.

ಹಿಂದಿ ಬಾರದವರಿಂದ ಹಿಂದಿಯನ್ನೇ ಕಲಿಯಬೇಕು, ಚೆನ್ನಾಗಿ ಬಲ್ಲ ಭಾಷೆ ಮಾತ್ರ ನನಗೆ ಕೂಡದು. ಇದಕ್ಕಿಂತ ಬುದ್ಧಿಗೇಡಿ ಕಾನೂನನ್ನು ನಾನು ಇವತ್ತಿಗೂ ಕಂಡಿಲ್ಲ. ಕೊನೆಗೆ ನಮ್ಮ ಮನೆಯಲ್ಲಿ ಕನ್ನಡಕ್ಕೆ ಉಳಿದದ್ದು ಒಂದೇ ಕೆಲಸ. ಹೋಟೆಲಿನಲ್ಲಿ ಗಿರಾಕಿಗೆ ತಿಳಿಯಬಾರದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದರು, ಮನೆಯಲ್ಲಿ ನನಗೆ ತಿಳಿಯಬಾರದ್ದನ್ನು.

ನಾನು ಕಲಿತ ಮೊದಲ ಕನ್ನಡ ಪದ ‘ಪಾಪ’. ಊರಿನ ಕಡೆಯ ಆಂಟಿಯರು ಬಂದಾಗ ನನ್ನ ಗಲ್ಲ ಹಿಡಿದು, ಕಿವಿಯ ಹಿಂದೆ ಕಣ್ಣು ಹಾಯಿಸಿ, ‘ಪಾಪ’ ಅನ್ನುತ್ತಿದ್ದರು. ನನಗೆ ಅದು ಹಿಂದಿಯ ‘ಪಾಪಾ’. ಇವರಿಗೆ ನನ್ನ ತಂದೆ ಬೇಕಿರಬೇಕು ಅಂದುಕೊಂಡು ನಾನು ಪಪ್ಪನ ಕಡೆ ಬೆರಳು ತೋರಿಸುತ್ತಿದ್ದೆ. ಆಂಟಿಯರ ಕಣ್ಣು ಇನ್ನಷ್ಟು ತುಂಬುತ್ತಿತ್ತು, ಇನ್ನೊಂದು ಸಲ ‘ಪಾಪ’. ನಾನು ಇನ್ನೊಂದು ಸಲ ಬೆರಳು. ಪದದ ನಿಜವಾದ ಅರ್ಥ ಗೊತ್ತಾದ ದಿನ ಆ ಆಂಟಿಯರೆಲ್ಲರ ಮೇಲೆ ಒಟ್ಟಿಗೆ ಸಿಟ್ಟು ಬಂತು.

ಬಿಲ್ಲೆ ಇಲ್ಲದಾಗ ನನಗೆ ತುಟಿಗಳೇ ಗತಿ. ತುಟಿ ಓದುವುದು ಸಿನಿಮಾದಲ್ಲಿ ತೋರಿಸುವಷ್ಟು ಸುಲಭವಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಪಾಪಾ, ಬಾಬಾ, ಮಾಮಾ ಮೂವರೂ ಬಾಗಿಲಲ್ಲಿ ನಿಂತಿದ್ದಾರೆ ಎಂದು ಯಾರಾದರೂ ಹೇಳಿದರೆ ನನಗೆ ಕಾಣುವುದು ಒಬ್ಬನೇ.

ಮಲಗುವಾಗ ಬಿಲ್ಲೆ ತೆಗೆದಿಡಬೇಕು. ಚಿಕ್ಕವಳಿದ್ದಾಗ ಅದನ್ನು ತೆಗೆಯುತ್ತಿದ್ದವಳು ಮಮ್ಮಿ. ತೆಗೆದು ಡಬ್ಬಿಯಲ್ಲಿಟ್ಟು, ನನ್ನ ಪಕ್ಕದಲ್ಲಿ ಕೂತು, ತಲೆ ನೇವರಿಸುತ್ತಾ ಏನೋ ಹೇಳುತ್ತಿದ್ದಳು. ನಾನು ಕಣ್ಣು ಅರ್ಧ ಮುಚ್ಚಿ ನೋಡುತ್ತಿದ್ದೆ. ಅವಳ ತುಟಿ ಮುಚ್ಚುತ್ತಿತ್ತು, ತೆರೆಯುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ಪಾಪ, ಪಾಪ. ದಿನವೂ ಅದೇ. ಆಂಟಿಯರಾದರೂ ಮುಖದ ಮೇಲೆ ಹೇಳುತ್ತಿದ್ದರು. ಇವಳು ನನ್ನ ಸ್ವಿಚ್ ಆರಿಸಿ ಹೇಳುತ್ತಿದ್ದಾಳೆ ಎಂದು ನಾನು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಆ ಸಿಟ್ಟನ್ನು ನಾನು ಬಹಳ ವರ್ಷ ಜೋಪಾನ ಮಾಡಿದೆ.

ಕನ್ನಡವನ್ನು ನಾನು ಕದ್ದು ಕಲಿತೆ. ಶಾಲೆ ಬಿಟ್ಟ ಮೇಲೆ ಹೋಟೆಲಿನ ಅಡುಗೆಮನೆಯ ಕಿಂಡಿಯ ಪಕ್ಕ ಕೂತು ಹೋಮ್‌ವರ್ಕ್ ಮಾಡುವಾಗ ಸಪ್ಲೈಯರುಗಳು ಒಳಗೆ ಕೂಗುತ್ತಿದ್ದರು. ‘ಒಂದು ಖಾಲಿ, ಎರಡು ಮಸಾಲೆ, ಮೂರನೇ ಟೇಬಲಿನವನು ಜಗಳಗಂಟ, ಬೇಗ ಕಳ್ಸು.’ ಕೂಗಿದ ಮಾತಿನ ಹಿಂದೆಯೇ ತಟ್ಟೆ ಬರುತ್ತಿತ್ತು, ಅರ್ಥ ತಟ್ಟೆಯಲ್ಲೇ ಇರುತ್ತಿತ್ತು. ಅಕ್ಷರಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕಲಿತೆ, ಉಳಿದದ್ದನ್ನು ಫೋನಿನಲ್ಲಿ. ಕಾಲೇಜಿಗೆ ಬರುವಷ್ಟರಲ್ಲಿ ಊಟದ ಮೇಜಿನ ಮೇಲಿನ ಒಂದು ಗುಟ್ಟೂ ನನ್ನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಹಾಗಾದರೆ ಹೇಳಲಿಲ್ಲ ಏಕೆ? ಹೇಳಿದ್ದರೆ ಇಬ್ಬರೂ ಮಾರನೆಯ ದಿನವೇ ತಮಗೆ ಬರುವ ಇನ್ನೊಂದು ಭಾಷೆಗೆ, ತುಳುವಿಗೆ, ಹಾರುತ್ತಿದ್ದರು. ನಾನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತಿತ್ತು.

ಈಗ ನಾನು ಹೌಜ್ ಖಾಸಿನ ಇಂಜಿನಿಯರಿಂಗ್ ಸಂಸ್ಥೆಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹೃದಯಕ್ಕೋ ಮೆದುಳಿಗೋ ಕೂರಿಸುವ ಯಂತ್ರಗಳಿಗೆ ಚರ್ಮದ ಮೂಲಕ ಕರೆಂಟು ದಾಟಿಸುವುದು ನಮ್ಮ ಕೆಲಸ. ಚರ್ಮದ ಬದಲಿಗೆ ಜೆಲ್ಲಿಯ ಹಾಳೆ ಇಟ್ಟು, ಮೇಲೊಂದು ಸುರುಳಿ ಕೆಳಗೊಂದು ಸುರುಳಿ ಇಟ್ಟು ಅಳೆಯುತ್ತೇವೆ. ಅಂತರ ಚೂರು ಹೆಚ್ಚಾದರೆ, ಸುರುಳಿ ಚೂರು ಪಕ್ಕಕ್ಕೆ ಸರಿದರೆ, ದಾಟುವ ಕರೆಂಟು ಥಟ್ಟನೆ ಇಳಿಯುತ್ತದೆ. ಲ್ಯಾಬಿನ ಹೊಸಬರಿಗೆ ಇದು ಗ್ರಾಫು. ನನಗೆ ಇದು ಬೆಳಗ್ಗೆ ತಲೆ ಬಾಚುವ ಹೊತ್ತು. ನನ್ನ ಕೂದಲು ದಟ್ಟ, ಮಮ್ಮಿಯದೇ ಕೂದಲು. ಬಿಲ್ಲೆಯ ಕೆಳಗೆ ಸಿಕ್ಕಿಕೊಂಡರೆ ಮಾತು ಮಧ್ಯದಲ್ಲೇ ಕತ್ತರಿಸಿ ಬೀಳುತ್ತದೆ.

ಹೀಗಿರುವಾಗ ಗುರುಗ್ರಾಮದಿಂದ ಒಂದು ಸಂಬಂಧ ಬಂತು. ಅವರೂ ಕುಂದಾಪುರದ ಕಡೆಯವರೇ, ಅಲ್ಲಿ ದೊಡ್ಡ ಹೋಟೆಲು. ಹುಡುಗ ಶ್ರವಣ್. ಅವನ ತಾಯಿ ಲೀಲಾ ಒಬ್ಬರ ಮನೆಗೊಬ್ಬರು ಹೋಗುವುದು ಬೇಡ ಅಂದರಂತೆ. ಚಾಣಕ್ಯಪುರಿಯಲ್ಲಿ ಕರ್ನಾಟಕದವರು ಇಳಿದುಕೊಳ್ಳುವ ಅತಿಥಿಗೃಹವಿದೆಯಲ್ಲ, ಅಲ್ಲಿ ಭಾನುವಾರ ರಾತ್ರಿ ಊಟಕ್ಕೆ ಸೇರುವುದು, ಮಾತು ಅಲ್ಲೇ ಆಡುವುದು ಎಂದಾಯಿತು. ನಾನು ನೋಡಲು ಒಪ್ಪಿದೆ. ನೋಡುವುದರಲ್ಲಿ ಏನು ಹೋಗುತ್ತದೆ?

ಹೋಗುವುದೇನು ಎಂದು ಶುಕ್ರವಾರ ಗೊತ್ತಾಯಿತು. ವಸಂತ್ ಕುಂಜಿನ ನಮ್ಮ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತಿದ್ದಾಗ ಪಪ್ಪ ಹಿಂದಿಯಲ್ಲಿ ಶುರು ಮಾಡಿದರು.

“ಬೇಟಾ, ಸಂಡೇ ಕೋ ವೋ ಮಶೀನ್ ಥೋಡಾ ನಿಕಾಲ್ ದೇನಾ. ಏಕ್ ಘಂಟೇ ಕೀ ಬಾತ್ ಹೈ.”

ಭಾನುವಾರ ಯಂತ್ರವನ್ನು ಒಂದು ಗಂಟೆ ತೆಗೆದಿಡಬೇಕಂತೆ. ತೆಗೆದರೆ ನನಗೆ ಏನೂ ಕೇಳಿಸುವುದಿಲ್ಲ ಎಂದೆ.

“ಅರೇ, ಅಂದರ್ ಚಾರ್ಜ್ ತೋ ಹೋಗಾ ನಾ? ಏಕ್ ಘಂಟಾ ಭೀ ನಹೀ ಚಲೇಗಾ?”

ಒಳಗೆ ಚಾರ್ಜು ಇರುತ್ತದಲ್ಲ, ಒಂದು ಗಂಟೆಯೂ ನಡೆಯುವುದಿಲ್ಲವೇ ಅಂತೆ. ಇಷ್ಟು ವರ್ಷ ಇವರು ನನ್ನ ತಲೆಯನ್ನು ಫೋನು ಅಂದುಕೊಂಡಿದ್ದರು. ಬೆಳಗ್ಗೆ ಬಿಲ್ಲೆ ಹಚ್ಚಿ ಚಾರ್ಜು ತುಂಬಿಸಿಕೊಂಡು ಸಂಜೆಯವರೆಗೆ ಓಡಾಡುತ್ತೇನೆ ಅಂದುಕೊಂಡಿದ್ದರು. ನಾನು ಯಾವ ಲ್ಯಾಬಿನಲ್ಲಿ ಏನು ಮಾಡುತ್ತೇನೆ ಎಂದು ಒಂದು ದಿನವಾದರೂ ಕೇಳಿದ್ದರೆ ಗೊತ್ತಾಗುತ್ತಿತ್ತು.

“ಅಂದರ್ ಬ್ಯಾಟರಿ ಹೈ ಹೀ ನಹೀ, ಪಪ್ಪಾ,” ಅಂದೆ. ಒಳಗೆ ಬ್ಯಾಟರಿಯೇ ಇಲ್ಲ, ಇದನ್ನು ತೆಗೆದರೆ ಆ ಕ್ಷಣದಿಂದಲೇ ಮುಗಿಯಿತು ಎಂದು ಹಿಂದಿಯಲ್ಲೇ ಬಿಡಿಸಿ ಹೇಳಿದೆ.

“ಅಚ್ಛಾ, ತೋ ಬಾಲೋಂ ಕೇ ನೀಚೇ ಛುಪಾ ಲೇನಾ,” ಅಂದರು ಪಪ್ಪ. ಹಾಗಾದರೆ ಕೂದಲಿನೊಳಗೆ ಮುಚ್ಚಿಕೋ.

ಆಮೇಲೆ ಮಮ್ಮಿಗೂ ಪಪ್ಪನಿಗೂ ನಡುವೆ ಕನ್ನಡ ಶುರುವಾಯಿತು, ನನ್ನ ತಟ್ಟೆಯ ಮೇಲಿಂದಲೇ, ಸಾಂಬಾರು ದಾಟಿಸಿದ ಹಾಗೆ.

“ಯಂತ್ರದ ವಿಷಯ ಅವರಿಗೆ ಹೇಳಿದ್ರಾ?” ಮಮ್ಮಿ ಕೇಳಿದಳು.

“ಕಿವಿ ಸ್ವಲ್ಪ ಮಂದ ಅಂದಿದ್ದೀನಿ. ಉಳಿದದ್ದು ನಿಶ್ಚಿತಾರ್ಥ ಆದ್ಮೇಲೆ ಹೇಳಿದ್ರಾಯ್ತು. ಮೊದಲೇ ಹೇಳಿದ್ರೆ ಯಾರು ಒಪ್ತಾರೆ?”

“ಗೊತ್ತಾದಾಗ ಇವಳನ್ನ ಅಂತಾರೆ, ನಮ್ಮನ್ನಲ್ಲ.”

“ಅಂದ್ರೆ ಅನ್ನಲಿ. ಇವಳಿಗೆಲ್ಲಿ ಅರ್ಥ ಆಗ್ತದೆ?”

ಮಮ್ಮಿ ನನ್ನ ತಟ್ಟೆಗೆ ಮೊಸರು ಹಾಕಿದಳು. ನಾನು ಕಲಸಿಕೊಂಡು ಉಂಡೆ. ನನ್ನನ್ನು ಬೇರೆಯವರ ಮನೆಗೆ ಸುಳ್ಳು ಹೇಳಿ ದಾಟಿಸಲು ಹೊರಟಿದ್ದರು, ಹೊರಡುವ ಮೊದಲು ನನ್ನ ಕಿವಿಯನ್ನೂ ತೆಗೆದಿಟ್ಟುಕೊಳ್ಳಲು. ಆ ಮೇಜಿನ ಮೇಲೆ ಕೂಗಾಡಬಹುದಿತ್ತು. ಕೂಗಾಡಿದರೆ ಅದನ್ನು ಮರುದಿನ ಮರೆಯುತ್ತಾರೆ. ಮರೆಯಲಾಗದ್ದೇನಾದರೂ ಮಾಡಬೇಕು ಅನ್ನಿಸಿತು.

ಶನಿವಾರ ಮುನಿರ್ಕಾಕ್ಕೆ ಹೋದೆ. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಕಿಶನ್ ಎಂಬವನ ಗಂಡಸರ ಸಲೂನು ಇದೆ. ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಬಿಲ್ಲೆ ತೆಗೆದೆ. ಬಲಗಿವಿಯ ಹಿಂದೆ, ಮೇಲಿನಿಂದ ಕೆಳಗಿನವರೆಗೆ, ಅಂಗೈಯಷ್ಟು ಜಾಗ ಪೂರ್ತಿ ಬೋಳಿಸಬೇಕು ಭಯ್ಯಾ ಎಂದು ಕೈಯಲ್ಲಿ ತೋರಿಸಿದೆ. ಕನ್ನಡಿಯಲ್ಲಿ ಕಿಶನ್ ಏನೋ ಕೇಳಿದ. ತುಟಿಯಲ್ಲಿ ‘ಪಕ್ಕಾ?’ ಎಂದು ಕಂಡಿತು, ಹುಬ್ಬೂ ಅದನ್ನೇ ಹೇಳುತ್ತಿತ್ತು. ಪಕ್ಕಾ ಅಂದೆ. ಅವನು ಮೊದಲು ಕತ್ತರಿ ಹಿಡಿದ, ಆಮೇಲೆ ಮಶೀನು, ಆಮೇಲೆ ಬ್ಲೇಡು. ಮಡಿಲ ತುಂಬ ಮಮ್ಮಿಯ ಕೂದಲು ಬಿತ್ತು.

ಬೋಳು ಚರ್ಮದ ಮೇಲೆ ಬಿಲ್ಲೆ ಇಟ್ಟೆ. ಟಕ್ಕನೆ ಕಚ್ಚಿಕೊಂಡಿತು. ಫ್ಯಾನು, ರೇಡಿಯೋ, ಹೊರಗಿನ ಆಟೋ, ಎಲ್ಲ ಒಮ್ಮೆಗೇ ಬಂದವು. ಇಷ್ಟು ನಿಚ್ಚಳವಾಗಿ ಬಂದದ್ದು ಅದೇ ಮೊದಲು. ಇಷ್ಟು ದಿನ ಲೋಕ ಕೇಳಿಸಬೇಕೋ ಕೂದಲು ಉಳಿಯಬೇಕೋ ಎಂಬ ಪ್ರಶ್ನೆಯಲ್ಲಿ ನಾನು ಸುಮ್ಮನೆ ಕೂದಲಿನ ಕಡೆ ವಾಲಿದ್ದೆ. ಖುಷಿಯಾಯಿತು. ನಾಚಿಕೆಯಂತೂ ಆಗಲಿಲ್ಲ.

ಮನೆಯಲ್ಲಿ ಏನಾಯಿತೆಂದು ಉದ್ದವಾಗಿ ಹೇಳುವುದಿಲ್ಲ. ಮಮ್ಮಿ ನನ್ನ ತಲೆ ನೋಡಿ ಹಾಸಿಗೆಯ ಮೇಲೆ ಕುಸಿದಳು. ಹೆಣ್ಣಿನ ತಲೆ ಬೋಳಿಸುವುದೆಂದರೆ ಅವಳ ಊರಿನಲ್ಲಿ ಎಂಥ ಅಪಶಕುನ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಪಪ್ಪ ಬಾಗಿಲಲ್ಲಿ ನಿಂತು, ಮಾತು ಕೊಟ್ಟಾಗಿದೆ, ಈಗ ಬೇಡ ಅನ್ನಲಾಗುವುದಿಲ್ಲ, ಹೇಗಾದರೂ ಮುಚ್ಚು ಎಂದು ಮಮ್ಮಿಗೆ ಕನ್ನಡದಲ್ಲಿ ಹೇಳಿ ಹೋದರು.

ಭಾನುವಾರ ಮಮ್ಮಿ ಮುಚ್ಚಿದಳು. ಮಂಗಳೂರಿನಿಂದ ವಿಮಾನದಲ್ಲಿ ಬರುವ ಯಾರದೋ ಕೈಯಲ್ಲಿ ತರಿಸಿದ್ದ ಮಲ್ಲಿಗೆ ದಂಡೆಯಿತ್ತು. ಎಡಗಡೆಯ ಕೂದಲನ್ನೆಲ್ಲ ಬಲಕ್ಕೆ ಎಳೆದು, ಮೇಲೆ ಮಲ್ಲಿಗೆ ಹೊದಿಸಿ, ಪಿನ್ನು ಚುಚ್ಚಿದಳು. ನಾನು ಬಿಟ್ಟೆ. ಒಂದೊಂದು ಪಿನ್ನನ್ನೂ ನನಗೆ ತಾಗದ ಹಾಗೆ ಬೆರಳು ಅಡ್ಡವಿಟ್ಟು ಸಿಕ್ಕಿಸುತ್ತಿದ್ದಳು, ಅದನ್ನು ನೋಡಿ ಬಿಟ್ಟೆ. ಬಿಲ್ಲೆ ಕೂದಲ ಅಡಿಯಲ್ಲಿ ಹೇಗೋ ಅಂಟಿಕೊಂಡಿತ್ತು. ಸದ್ದು ಬಂದು ಬಂದು ಹೋಗುತ್ತಿತ್ತು.

ಅತಿಥಿಗೃಹದ ಊಟದ ಕೋಣೆಯಲ್ಲಿ ಅವರು ಆಗಲೇ ಕೂತಿದ್ದರು. ಲೀಲಾ ಆಂಟಿ ರೇಷ್ಮೆ ಸೀರೆಯಲ್ಲಿ, ಶ್ರವಣ್ ಬಿಳಿ ಅಂಗಿಯಲ್ಲಿ. ಪಪ್ಪ ನಗುತ್ತಾ ಮಾತಾಡುತ್ತಿದ್ದರು. ಲೀಲಾ ಆಂಟಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೂವು ಎಷ್ಟು ಚೆನ್ನಾಗಿದೆ ಎಂದು ಮುಟ್ಟಿ, ಜಾರುತ್ತಿದ್ದ ಒಂದು ಪಿನ್ನನ್ನು ಸರಿ ಮಾಡಲು ಹೋದರು. ಪಿನ್ನು ಕಬ್ಬಿಣದ್ದು. ಅದು ಬಿಲ್ಲೆಯ ಅಯಸ್ಕಾಂತಕ್ಕೆ ಹಾರಿತು, ಅವರು ಎಳೆದರು, ಬಿಲ್ಲೆ ಕಿತ್ತುಕೊಂಡು ಪಿನ್ನಿನ ಜೊತೆ ಅವರ ಕೈಗೇ ಬಂತು.

ಲೋಕ ನಿಂತಿತು. ಲೀಲಾ ಆಂಟಿಯ ಬಾಯಿ ಆಡುತ್ತಿತ್ತು. ಪಪ್ಪನ ಬಾಯಿ ಜೋರಾಗಿ ಆಡುತ್ತಿತ್ತು, ನಗು ಮಾತ್ರ ಮುಖದಲ್ಲಿ ಹಾಗೇ ಅಂಟಿಕೊಂಡಿತ್ತು. ನನ್ನ ಬಗ್ಗೆ ನನ್ನ ಮುಂದೆ ಎಲ್ಲರೂ ಮಾತಾಡುತ್ತಿದ್ದರು, ನನಗೆ ಒಂದಕ್ಷರ ಇಲ್ಲ. ಪಪ್ಪ ಕೇಳಿದ್ದ ಒಂದು ಗಂಟೆ ಇದೇ.

ನಾನು ಮಲ್ಲಿಗೆ ದಂಡೆಯನ್ನು ಕಿತ್ತು ಮೇಜಿನ ಮೇಲಿಟ್ಟೆ. ಪಿನ್ನುಗಳನ್ನು ತೆಗೆದೆ. ಕೂದಲನ್ನು ಪೂರ್ತಿ ಎಡಕ್ಕೆ ಎಸೆದು, ಬೋಳು ಜಾಗವನ್ನು ಅವರ ಕಡೆಗೇ ತಿರುಗಿಸಿ, ಲೀಲಾ ಆಂಟಿಯ ಕೈಯಿಂದ ಬಿಲ್ಲೆ ತೆಗೆದುಕೊಂಡು ಅಲ್ಲಿ ಇಟ್ಟೆ. ಟಕ್. ಸದ್ದು ಅವರ ವಾಕ್ಯದ ಬಾಲದಲ್ಲಿ ಹಿಂತಿರುಗಿತು.

“...ನೋಡಕ್ಕೆ ಎಷ್ಟು ಲಕ್ಷಣವಾಗಿದ್ದಾಳೆ. ಪಾಪ.”

ಅದೇ ಪದ. ಈ ಸಲ ನಾನು ಪಪ್ಪನ ಕಡೆ ಬೆರಳು ತೋರಿಸಲಿಲ್ಲ.

“ಪಾಪ ಅನ್ನಬೇಡಿ ಆಂಟಿ,” ಅಂದೆ ಕನ್ನಡದಲ್ಲಿ. “ನಂಗೆ ಕೇಳ್ತದೆ. ಇದು ಇದ್ರೆ ಚೆನ್ನಾಗಿ ಕೇಳ್ತದೆ. ತೆಗೆದ್ರೆ ಏನೂ ಕೇಳಲ್ಲ. ಸ್ವಲ್ಪ ಮಂದ ಅಂತ ಪಪ್ಪ ಹೇಳಿದ್ದಾರಲ್ಲ, ಅದು ಸುಳ್ಳು. ಪೂರ್ತಿ ಕಿವುಡಿ ನಾನು.”

ಪಪ್ಪನ ನಗು ಆಗ ಹೋಯಿತು. ಸುಳ್ಳು ಸಿಕ್ಕಿಬಿದ್ದದ್ದಕ್ಕಲ್ಲ ಎಂದು ನನಗೆ ಗೊತ್ತು. ಅವರು ನನ್ನ ಬಾಯಿಯನ್ನು ನೋಡುತ್ತಿದ್ದರು, ಅಲ್ಲಿಂದ ಕನ್ನಡ ಬರುತ್ತಿದ್ದುದನ್ನು. ಮಮ್ಮಿ ಮೇಜಿನ ಅಂಚು ಹಿಡಿದುಕೊಂಡಿದ್ದಳು.

ಲೀಲಾ ಆಂಟಿ ಗಟ್ಟಿಗಿತ್ತಿ, ಬೇಗ ಚೇತರಿಸಿಕೊಂಡರು. ಇರಲಿ, ಈಗಿನ ಕಾಲದಲ್ಲಿ ಇದೆಲ್ಲ ಏನು ಮಹಾ ಎಂದರು. ಶ್ರವಣ್ ನನ್ನ ತಲೆಯ ಕಡೆ ನೋಡಿ, ಕೆಟ್ಟ ಮನಸ್ಸಿನಿಂದಲ್ಲ, ಸಹಾಯ ಮಾಡುವ ದನಿಯಲ್ಲೇ ಹೇಳಿದ.

“ಐ ಡೋಂಟ್ ಮೈಂಡ್, ಯಾರ್. ಬಸ್ ಶಾದಿ ಕೇ ದಿನ್ ಉತಾರ್ ದೇನಾ. ಫೋಟೋಸ್ ಕೇ ಲಿಯೇ.”

“ಮದುವೆ ದಿನ ಫೋಟೋಕ್ಕೋಸ್ಕರ ಇದನ್ನ ತೆಗೀಬೇಕಾ?” ಅಂದೆ. “ನಿನಗೆ ಒಪ್ಪಿಗೆಯಾ ಅಂತ ಎಲ್ಲರ ಮುಂದೆ ನನ್ನನ್ನ ಕೇಳೋ ದಿನ, ಕೇಳಿಸದೇ ತಲೆ ಆಡಿಸಬೇಕಾ?”

ಅವನಿಗೆ ಕನ್ನಡ ಅರ್ಥವಾಗುತ್ತಿತ್ತು.

“ಅದಕ್ಕಿಂತ ಇವತ್ತೇ ಹೇಳ್ತೀನಿ, ಇದನ್ನ ಹಾಕ್ಕೊಂಡೇ. ನಂಗೆ ಒಪ್ಪಿಗೆ ಇಲ್ಲ,” ಅಂದೆ. ಮೇಜಿನ ಮೇಲೆ ಆಗ ಬಿಸಿಬೇಳೆಬಾತು ಬಂತು. ಯಾರೂ ಬಡಿಸಿಕೊಳ್ಳಲಿಲ್ಲ. ನಾನು ಬಡಿಸಿಕೊಂಡು ಉಂಡೆ. ಹಸಿವಾಗಿತ್ತು.

ಹಿಂತಿರುಗುವಾಗ ಪಪ್ಪ ಕಾರು ಓಡಿಸುತ್ತಿದ್ದರು. ಮಮ್ಮಿ ಎಂದಿನ ಹಾಗೆ ಮುಂದೆ ಕೂರದೆ ಹಿಂದೆ ನನ್ನ ಪಕ್ಕ ಕೂತಿದ್ದಳು. ಮೋತಿ ಬಾಗ್ ದಾಟಿದ ಮೇಲೆ ಪಪ್ಪ ರಸ್ತೆ ನೋಡುತ್ತಲೇ ಅವಳಿಗೆ ಏನೋ ಹೇಳಿದರು, ಸಿಟ್ಟಿನಲ್ಲಿ, ಉದ್ದಕ್ಕೆ. ನನಗೆ ಒಂದು ಪದವೂ ತಿಳಿಯಲಿಲ್ಲ. ಬಿಲ್ಲೆ ಸರಿಯಾಗಿಯೇ ಇತ್ತು. ಅದು ತುಳು. ನಾನು ಅಂದುಕೊಂಡದ್ದೇ ಆಗಿತ್ತು, ಮಾರನೆಯ ದಿನದವರೆಗೂ ಕಾಯದೆ ಹಾರಿದ್ದರು.

“ಕನ್ನಡದಲ್ಲೇ ಹೇಳಿ,” ಅಂದಳು ಮಮ್ಮಿ. “ಅವಳು ಕೇಳ್ತಾ ಇದ್ದಾಳೆ.”

ಮಮ್ಮಿ ನನ್ನ ಕಡೆ ತಿರುಗಿದಳು. ನನ್ನ ಜೊತೆ ಕನ್ನಡದಲ್ಲಿ ಮಾತಾಡುವುದು ಅವಳಿಗೆ ರೂಢಿಯಿಲ್ಲ, ಹಿಂದಿಗೆ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು.

“ಯಾವಾಗಿಂದ ಅರ್ಥ ಆಗ್ತದೆ?”

“ಎಷ್ಟೋ ವರ್ಷದಿಂದ. ನೀವು ಆಡಿದ್ದೆಲ್ಲ ಗೊತ್ತು.”

ಅವಳ ಕಣ್ಣು ಹಿಂದಕ್ಕೆ, ಹಿಂದಕ್ಕೆ ಹೋಯಿತು. ನನ್ನ ತಟ್ಟೆಯ ಮೇಲಿಂದ ಹಾದ ಮಾತುಗಳನ್ನೆಲ್ಲ ಒಂದೊಂದಾಗಿ ಹೆಕ್ಕುತ್ತಿದ್ದಳು ಅಂತ ಕಾಣುತ್ತದೆ. ನನಗೆ ಕನಿಕರ ಬರಲಿಲ್ಲ. ಜೋಪಾನ ಮಾಡಿಟ್ಟ ಸಿಟ್ಟು ಬಾಯಿಗೆ ಬಂತು.

“ಬೇರೆಯವರು ಬಿಡು. ನೀನೂ ಪಾಪ ಅಂತಿದ್ದೆ, ದಿನಾ ಮಲಗಿಸುವಾಗ. ಇದನ್ನ ತೆಗೆದಿಟ್ಟು, ನಂಗೆ ಕೇಳಲ್ಲ ಅಂತ ಧೈರ್ಯ ಮಾಡಿ, ಪಾಪ ಪಾಪ ಅಂತಿದ್ದೆ. ನಾ ನೋಡ್ತಿದ್ದೆ.”

“ಪಾಪ ಅಂತಾ?” ಮಮ್ಮಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅವಳ ಮುಖ ಕೆಂಪಾಯಿತು, ಸಿಟ್ಟಿನಲ್ಲಿ. ನನ್ನ ಸಿಟ್ಟು ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು. “ನನ್ನ ಮಗಳನ್ನ ನಾ ಯಾಕೆ ಪಾಪ ಅನ್ಲಿ? ಆ ಟೀಚರು ಹೇಳಿದ್ರು, ಕನ್ನಡದ ಒಂದು ಪದಾನೂ ಮಗುವಿಗೆ ಕೇಳಿಸಬಾರದು, ಅಮ್ಮ ಅಂತಾನೂ ಹೇಳ್ಕೊಡಬೇಡಿ, ಮಮ್ಮಿ ಅನ್ಸಿ ಅಂತ. ಕೇಳಿಸಬಾರದು ಅಷ್ಟೇ ತಾನೆ? ಕೇಳಿಸದೇ ಇರುವಾಗ ಹೇಳಿದ್ರೆ ಅವಳೇನು ಮಾಡ್ತಾಳೆ ಅಂದ್ಕೊಂಡು, ಇದನ್ನ ತೆಗೆದ ಮೇಲೆ ಹೇಳ್ತಿದ್ದೆ. ಅಮ್ಮ, ಅಮ್ಮ ಅಂತ. ನಾನು ಅಮ್ಮ ಅಂತ. ಒಂದು ದಿನಾನೂ ಬಿಟ್ಟಿಲ್ಲ.”

ಪ ಮತ್ತು ಮ ತುಟಿಯ ಮೇಲೆ ಒಂದೇ. ಇದು ನನಗೆ ಗೊತ್ತಿದ್ದ ಸಂಗತಿ, ಊರಿಗೆಲ್ಲ ನಾನೇ ಹೇಳುತ್ತಿದ್ದ ಸಂಗತಿ. ಆದರೂ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಅವಳು ನನ್ನ ಬೆನ್ನಿಗೆ ಅಮ್ಮ ಅನ್ನುತ್ತಾ ಕೂತಿರುತ್ತಿದ್ದಳು. ಕಣ್ಣು ತುಂಬಿ ಮುನಿರ್ಕಾದ ದೀಪಗಳು ಕಲಸಿಹೋದವು. ಟೀಚರಿನ ಮೇಲೆ, ಆ ಕಾನೂನಿನ ಮೇಲೆ, ಅದನ್ನು ಒಪ್ಪಿಕೊಂಡ ಈ ಇಬ್ಬರ ಮೇಲೆ ಸಿಟ್ಟು ಹಾಗೇ ಇತ್ತು. ಅದು ಇರಬೇಕಾದ್ದೇ. ಆದರೆ ಈ ಕಾನೂನನ್ನು ನನಗಿಂತ ಮೊದಲು ಮುರಿದವಳು ನನ್ನ ಪಕ್ಕದಲ್ಲೇ ಕೂತಿದ್ದಳು.

ಅವಳು ಕೈ ಚಾಚಿ ನನ್ನ ಬೋಳು ಜಾಗವನ್ನು ಮೊದಲ ಸಲ ಮುಟ್ಟಿದಳು. ಬಿಲ್ಲೆಯನ್ನು ಬೆರಳಲ್ಲಿ ಒತ್ತಿ ನೋಡಿದಳು.

“ಸರಿಯಾಗಿ ಕೂತಿದ್ಯಾ? ಕೇಳ್ತಿದೆಯಾ?”

“ಕೇಳ್ತಿದೆ.”

“ಹಾಗಾದ್ರೆ ಅನ್ನು,” ಅಂದಳು.

“ಅಮ್ಮ,” ಅಂದೆ.

ಪಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿ ಮತ್ತೆ ರಸ್ತೆಗೆ ಕಣ್ಣು ಹಾಕಿದರು. ಅವರಿಗೂ ಕೇಳಲಿ ಎಂದು ನಾನು ಇನ್ನೊಂದು ಸಲ, ಜೋರಾಗಿಯೇ ಅಂದೆ.